ಚದುರಿದ ದಾಖಲೆಗಳಿಗೆ ಒಂದು ಸೂತ್ರ: ಭೂವಿಜ್ಞಾನ ಚರಿತ್ರೆಯ ಅಂತರಜಾಲ ಬಳಗ

ಶಿಲೆಗಳನ್ನು ಆಧಾರವಾಗಿಟ್ಟುಕೊಂಡು ಭೂಮಿಯ ಗತಕಾಲವನ್ನು ಅರಿಯುವ ಶಾಸ್ತ್ರ ಭೂವಿಜ್ಞಾನವಾದರೆ, ಆ ಅರಿವು ಮನುಷ್ಯನಿಗೆ ಯಾವಾಗ, ಯಾರಿಂದ, ಎಂಥ ತಪ್ಪುಗಳನ್ನು ದಾಟಿ ಬಂದಿತೆಂಬುದನ್ನು ಶೋಧಿಸುವುದು ಭೂವಿಜ್ಞಾನದ ಚರಿತ್ರೆ. ಈ ಶಾಖೆಯ ಸಂಶೋಧಕರು ಸಂಖ್ಯೆಯಲ್ಲಿ ವಿರಳರು. ಅವರಿಗೆ ಬೇಕಾದ ಆಕರಗಳೂ ಒಂದೆಡೆ ದೊರೆಯುವಂಥವಲ್ಲ.

ಇದಕ್ಕೆ ವಿಲಿಯಂ ಸ್ಮಿತ್ ಉತ್ತಮ ನಿದರ್ಶನ. ಕಾಲುವೆ ಕಾಮಗಾರಿಗಳಲ್ಲಿ ಮೋಜಣಿದಾರನಾಗಿದ್ದ ಈತ, ಒಂದೊಂದು ಶಿಲಾಸ್ತರಕ್ಕೂ ಅದರದೇ ಆದ ಪಳೆಯುಳಿಕೆಗಳಿರುತ್ತವೆಂಬುದನ್ನು ಕಂಡುಕೊಂಡು, 1815ರಲ್ಲಿ ಇಂಗ್ಲೆಂಡ್, ವೇಲ್ಸ್ ಹಾಗೂ ಸ್ಕಾಟ್ಲೆಂಡಿನ ಒಂದು ಭಾಗದ ಭೂವೈಜ್ಞಾನಿಕ ನಕ್ಷೆಯನ್ನು 15 ಹಾಳೆಗಳಲ್ಲಿ ಪ್ರಕಟಿಸಿದ. ಪ್ರತಿ ಸ್ತರದ ತಳದಂಚಿಗೆ ಗಾಢವಾದ ಬಣ್ಣ ಬಳಿದು ಮೇಲೆ ಹೋದಂತೆ ಅದನ್ನು ತಿಳಿಯಾಗಿಸಿದ್ದರಿಂದ, ಯಾವ ಸ್ತರದ ಮೇಲೆ ಯಾವುದು ಕೂತಿದೆಯೆಂಬುದು ನೋಡಿದೊಡನೆ ತಿಳಿಯುತ್ತದೆ. ಬಣ್ಣ ತುಂಬಿದ್ದು ಕೈಯಿಂದ. ಸ್ಮಿತ್ ನಡುನಡುವೆ ತಿದ್ದುಪಡಿಗಳನ್ನೂ ಮಾಡುತ್ತಿದ್ದುದರಿಂದ ಪ್ರತಿಯಿಂದ ಪ್ರತಿಗೆ ವ್ಯತ್ಯಾಸಗಳಿವೆ. ಆತನ ತಿಳಿವಳಿಕೆ ಬೆಳೆದ ಬಗೆಯನ್ನು ಅರಿಯಬೇಕಾದರೆ ಬೇರೆ ಬೇರೆ ಗ್ರಂಥಾಲಯಗಳ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಾಲದ ಬಾಧೆಯಿಂದ ಆತ ಮಾರಿದ ಪಳೆಯುಳಿಕೆಗಳು ಲಂಡನ್ನಿನಲ್ಲಿವೆ. ಸೋದರಳಿಯ ಜಾನ್ ಫಿಲಿಪ್ಸ್ ಕಾಪಾಡಿದ ಕಾಗದಪತ್ರಗಳು ಆಕ್ಸ್‌ಫರ್ಡಿನಲ್ಲಿವೆ.

ಹೀಗೆ ಚದುರಿದ ಆಕರಗಳ ಬೆನ್ನುಹತ್ತುವ ಸಂಶೋಧಕರನ್ನು ಒಗ್ಗೂಡಿಸಲು 1967ರಲ್ಲಿ ಅರ್ಮೇನಿಯದ ಯೆರೆವಾನ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಆಯೋಗ ರೂಪುಗೊಂಡಿತು. 1994ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲೂ ಇದಕ್ಕೆಂದೇ ಒಂದು ಬಳಗ ಹುಟ್ಟಿತು. ಆದರೆ ಸಭೆ ಸೇರಿ ಚದುರುವವರಿಗೆ ವರ್ಷವಿಡೀ ನೆರವಾಗಬಲ್ಲದ್ದು ಅಂತರಜಾಲದ ಸಂಪರ್ಕವೇ. ಯಾರು ಯಾವ ವಿಷಯದಲ್ಲಿ ತೊಡಗಿದ್ದಾರೆಂಬ ಪಟ್ಟಿ ಅದರ ಅತಿ ಸಣ್ಣ ಭಾಗ. ಒಂದೂರಿನ ಟಿಪ್ಪಣಿ ಪುಸ್ತಕ, ಇನ್ನೊಂದೂರಿನ ಕಲ್ಲಿನ ಮಾದರಿ, ಮತ್ತೊಂದೂರಿನ ಪತ್ರ ಇವೆಲ್ಲ ಒಬ್ಬನದೇ ಎಂದು ಬೆಸೆದು ತೋರಿಸುವ ಸಮಾನ ಸೂಚಿಯೇ ಅದರ ಜೀವಾಳ. ಹಳೆಯ ನಕ್ಷೆಯ ಶಿಲೆಯನ್ನು ಗುರುತಿಸಬಲ್ಲ ಭೂವಿಜ್ಞಾನಿಗೂ, ಆ ಕಾಲದ ಬರಹವನ್ನು ಆ ಕಾಲದ ಕಣ್ಣಿನಿಂದಲೇ ಓದಬಲ್ಲ ಇತಿಹಾಸಕಾರನಿಗೂ ಪರಸ್ಪರರ ನೆರವು ಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮಾಡಿದ ಕೆಲಸ ಅರ್ಧವಾಗಿಯೇ ಉಳಿಯುತ್ತದೆ.

ಕರ್ನಾಟಕದ ಮಟ್ಟಿಗೆ ಇದು ದೂರದ ಮಾತಲ್ಲ. ಧಾರವಾಡ ಶಿಲಾವರ್ಗವನ್ನು ಗುರುತಿಸಿ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ, ನಿವೃತ್ತಿಯ ನಂತರ, 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಕಟ್ಟಲು ಬಂದವರು. ಅವರು ಸಂಗ್ರಹಿಸಿದ ಶಿಲಾಯುಗದ ಆಯುಧಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದರಿಂದ, ಅವರ ಬದುಕಿನ ಪೂರ್ಣ ಚಿತ್ರವನ್ನು ಬಯಸುವವರು ಬೆಂಗಳೂರಿನಲ್ಲಿ ಮಾತ್ರ ಹುಡುಕಿದರೆ ಸಾಲದು. ನಂತರದ ತಲೆಮಾರುಗಳ ಭೂವಿಜ್ಞಾನಿಗಳ ಟಿಪ್ಪಣಿ ಪುಸ್ತಕ, ನಕ್ಷೆ, ಪತ್ರಗಳನ್ನು ಇಟ್ಟುಕೊಂಡಿರುವ ಕುಟುಂಬಗಳು ಅವನ್ನು ರದ್ದಿಗೆ ಹಾಕದೆ, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಗ್ರಂಥಾಲಯಕ್ಕೋ ಒಪ್ಪಿಸಬೇಕು.