ಮರದ ಬಣ್ಣ ಏಳುತ್ತಿದೆಯೇ? ಮೊದಲು ನೀರಿನ ದಾರಿ ಹುಡುಕಿ

ಮಲೆನಾಡಿನ ಹಳೇ ಹೆಂಚಿನ ಮನೆಗಳಲ್ಲಿ ಜಗಲಿಯ ಕಂಬ, ಕಿಟಕಿ, ಹೆಬ್ಬಾಗಿಲು ಎಲ್ಲವೂ ಮರದ್ದೇ. ದೀಪಾವಳಿಗೆ ಬಣ್ಣ ಹೊಡೆಸುತ್ತಾರೆ, ಮುಂದಿನ ಆಷಾಢಕ್ಕೆ ಅದು ಹಪ್ಪಳದ ಹಾಗೆ ಎದ್ದು ಬರುತ್ತೆ. "ಈಗಿನ ಪೇಂಟೇ ಸರಿ ಇಲ್ಲ ಮಾರಾಯ್ರೆ" ಅನ್ನುವವರೇ ಹೆಚ್ಚು. ನಾನು ನೋಡಿದ ಬಹುಪಾಲು ಮನೆಗಳಲ್ಲಿ ತೊಂದರೆ ಪೇಂಟಿನದಲ್ಲ, ಮರದೊಳಗೆ ಸೇರಿದ ನೀರಿನದು.

ಎದ್ದ ಚಕ್ಕೆಯೊಂದನ್ನು ಕಿತ್ತು ನೋಡಿ. ಅಡಿಯಲ್ಲಿ ಬರೀ ಮರ ಕಂಡರೆ, ಒಳಗಿನ ತೇವ ಬಣ್ಣವನ್ನು ತಳ್ಳಿರುವ ಸಾಧ್ಯತೆ ಹೆಚ್ಚು. ಹಳೇ ಬಣ್ಣ ಕಂಡರೆ, ಉಜ್ಜದೆ ಧೂಳಿನ ಮೇಲೇ ಬಳಿದಿರಬಹುದು. ನಮ್ಮ ಜಗಲಿಯ ಆರು ಕಂಬಗಳಲ್ಲಿ ಪಡುವಣ ಮೂಲೆಯದ್ದು ಮಾತ್ರ ಸಿಪ್ಪೆ ಬಿಡುತ್ತಿತ್ತು. ಏಣಿ ಹಾಕಿ ನೋಡಿದರೆ ಅದರ ನೆತ್ತಿಯ ಮೇಲೆ ಹೆಂಚೊಂದು ಸೀಳಿತ್ತು! ಹೆಂಚು ಬದಲಿಸಿ, ಮರ ಒಣಗಿಸಿ ಬಳಿದ ಮೇಲೆ ಮೂರು ಮಳೆಗಾಲ ಕಳೆದಿದೆ, ಬಣ್ಣ ಗಟ್ಟಿಯಾಗಿದೆ.

ಸೂರಿನ ನೀರು ಸಿಡಿಯುತ್ತದೆಯೇ, ಕಂಬದ ಬುಡ ಮಣ್ಣಿಗೆ ತಾಗುತ್ತದೆಯೇ ಅಂತಲೂ ನೋಡಿ. ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಇಳಿದರೆ ಮರ ಲಡ್ಡಾಗಿದೆ. ಆಗ ಮೊದಲು ಕರೆಯಬೇಕಾದ್ದು ಪೇಂಟರನ್ನಲ್ಲ, ಆಚಾರಿಯನ್ನು.

ಕೆರೆಯುವಾಗ ಎಚ್ಚರ

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಳಕೆಯ ಪೇಂಟಿನಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಒಣದಾಗಿ ಉಜ್ಜಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಕೆಳಗೆ ಟಾರ್ಪಾಲ್ ಹಾಸಿ ಕೆರೆಯಿರಿ. ಮಕ್ಕಳು ಹತ್ತಿರ ಸುಳಿಯದಿರಲಿ. ಚಕ್ಕೆಗಳನ್ನು ಸುಡಬೇಡಿ, ಗೊಬ್ಬರಗುಂಡಿಗಂತೂ ಹಾಕಲೇಬೇಡಿ. ಇಂಥ ಚಕ್ಕೆ ನೆಕ್ಕಿದ ದನಕರು ಸೀಸದ ವಿಷದಿಂದ ಸಾಯುವುದುಂಟು, ಕರುಗಳಿಗೆ ಅಪಾಯ ಇನ್ನೂ ಜಾಸ್ತಿ. ಚೀಲದಲ್ಲಿ ಬಿಗಿಯಾಗಿ ಕಟ್ಟಿ, ವಿಷದ ಕಸ ಎಂದು ತಿಳಿಸಿಯೇ ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಬಳಿಯುವ ಕ್ರಮ

ದೀಪಾವಳಿ ಹೊತ್ತಿಗೆ ನಮ್ಮ ಕಡೆ ಮರ ಇನ್ನೂ ಮಳೆಯ ತೇವ ಬಿಟ್ಟಿರುವುದಿಲ್ಲ. ಅಡಿಕೆ ಕೊಯ್ಲು ಮುಗಿದು, ಶಿವರಾತ್ರಿಯಿಂದ ಯುಗಾದಿಯೊಳಗೆ ಈ ಕೆಲಸ ಇಟ್ಟುಕೊಳ್ಳಿ. ಕೆರೆದ ಮೇಲೆ ಕೆಲವು ದಿನ ಒಣಗಲು ಬಿಡಿ. ಉಳಿದ ಬಣ್ಣದ ಅಂಚನ್ನು ಉಪ್ಪುಕಾಗದವನ್ನು ಒದ್ದೆ ಮಾಡಿಕೊಂಡು ನಯಗೊಳಿಸಿ, ಒರೆಸಿ, ಮತ್ತೆ ಒಣಗಿಸಿ. ಬರಿ ಮರಕ್ಕೆ ವುಡ್ ಪ್ರೈಮರ್ ಹಚ್ಚಿ. ಕೊಯ್ದ ತುದಿಗಳು ನೀರು ಹೀರುವುದು ಜಾಸ್ತಿ, ಅಲ್ಲಿಗೆ ಎರಡು ಸಲ ಬೇಕು. ನಂತರ ಎನಾಮೆಲ್ ಪೇಂಟನ್ನು ತೆಳುವಾಗಿ ಎರಡು ಕೋಟ್ ಕೊಡಿ, ನಡುವೆ ಒಂದು ದಿನ ಬಿಡುವಿರಲಿ. ಇಬ್ಬನಿ ಆರಿದ ಮೇಲೆ ಶುರು ಮಾಡಿ, ಸಂಜೆ ತಂಪಿಗೆ ಮುಂಚೆ ಮುಗಿಸಿ.

ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗ ಕಂಬದ ನೆತ್ತಿ, ಬುಡ ಎರಡನ್ನೂ ಒಮ್ಮೆ ಮುಟ್ಟಿ ನೋಡಿ. ಬಣ್ಣದ ಡಬ್ಬಿ ತರುವ ಖರ್ಚು ಎಷ್ಟೋ ವರ್ಷ ಮುಂದೆ ಹೋಗುತ್ತದೆ.