ನೇರಪ್ರಸಾರದಲ್ಲಿ ವಿಳಂಬದ ಸ್ಥಾನ

ಕರ್ನಾಟಕ ಉಚ್ಚ ನ್ಯಾಯಾಲಯದ ಕಲಾಪವನ್ನು ಆರ್‌ಪಿಸಿ ಲೇಔಟಿನ ತನ್ನ ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ನೋಡುವ ಕಾನೂನು ವಿದ್ಯಾರ್ಥಿಯು, ಆ ಕ್ಷಣದಲ್ಲಿ ನಡೆಯುತ್ತಿರುವುದನ್ನೇ ತಾನು ಕಾಣುತ್ತಿರುವೆನೆಂದು ಭಾವಿಸುವುದು ಸಹಜ. ವಸ್ತುತಃ ಹಾಗಲ್ಲ. ಕ್ಯಾಮೆರಾಕ್ಕೂ ಅವನ ಕಣ್ಣಿಗೂ ನಡುವೆ ಹಲವು ತಂತ್ರಾಂಶಗಳಿವೆ. ಪ್ರತಿಯೊಂದೂ ಒಂದಿಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ. ಈ ವಿಳಂಬವನ್ನು ಸಾಮಾನ್ಯವಾಗಿ ದೋಷವೆಂದೇ ಎಣಿಸುವರು. ಅದು ಎಲ್ಲಿ ರಕ್ಷಣೆಯಾದೀತು, ಎಲ್ಲಿ ಆಗದು ಎಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಮೊದಲು ಬರುವುದು ಸಂಯೋಜಕ ತಂತ್ರಾಂಶ. 2012ರಲ್ಲಿ ಆರಂಭವಾಗಿ, ಉಚಿತವಾಗಿ ದೊರೆಯುವ ಓಬಿಎಸ್ ಇದಕ್ಕೆ ಉದಾಹರಣೆ. ಹಲವು ಕ್ಯಾಮೆರಾಗಳ ಚಿತ್ರವನ್ನೂ ಮೈಕುಗಳ ಧ್ವನಿಯನ್ನೂ ಅದು ಒಂದೇ ಪ್ರವಾಹವಾಗಿಸುತ್ತದೆ. ಅನಂತರ ಸಂಕೋಚನ. 1920 × 1080 ಬಿಂದುಗಳ ಬಣ್ಣದ ಚಿತ್ರಗಳನ್ನು ಸೆಕೆಂಡಿಗೆ 25ರಂತೆ ಹಾಗೆಯೇ ಕಳುಹಿಸುವುದಾದರೆ ಸುಮಾರು 124 ಕೋಟಿ ಬಿಟ್‌ಗಳು ಬೇಕು. ಹಿಂದಿನ ಚಿತ್ರಕ್ಕಿಂತ ಬದಲಾದುದನ್ನೇ ಮುಖ್ಯವಾಗಿ ಕಳುಹಿಸಿದರೆ 50 ಲಕ್ಷದಷ್ಟು ಸಾಕು. ನ್ಯಾಯಪೀಠದಲ್ಲಿ ಚಲನೆ ಅಲ್ಪವಾದುದರಿಂದ ಈ ಕೆಲಸ ಸುಲಭ. ಕ್ರಿಕೆಟ್ ಪಂದ್ಯಕ್ಕೆ ಈ ಭಾಗ್ಯವಿಲ್ಲ. ಕಡೆಗೆ ಪ್ರವಾಹವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಹಂಚುವರು. ನೋಡುವವನ ಯಂತ್ರವು ಕೆಲವು ತುಣುಕುಗಳನ್ನು ಕೂಡಿಟ್ಟುಕೊಂಡ ಮೇಲೆಯೇ ಚಿತ್ರವನ್ನು ತೋರಿಸುತ್ತದೆ.

ಇದು ಯಂತ್ರಸಹಜವಾದ ವಿಳಂಬ, ಬುದ್ಧಿಪೂರ್ವಕವಾದುದು ಬೇರೆ. ಸುಪ್ರೀಂ ಕೋರ್ಟಿನ ಇ-ಸಮಿತಿಯು 2021ರಲ್ಲಿ ಪ್ರಕಟಿಸಿದ ಮಾದರಿ ನಿಯಮಗಳಲ್ಲಿ ಪ್ರಸಾರವನ್ನು ಹತ್ತು ನಿಮಿಷ ತಡೆದು ಬಿಡತಕ್ಕದ್ದೆಂಬ ವಿಧಿಯಿದೆ. ಗುಟ್ಟಾಗಿರಬೇಕಾದ ಹೆಸರೊಂದು ಬಾಯ್ತಪ್ಪಿ ಹೊರಬಿದ್ದರೆ ಅದನ್ನು ತಡೆಯಲು ಅಷ್ಟು ಹೊತ್ತು ಸಾಕು.

ಆದರೆ 2023ರ ಡಿಸೆಂಬರ್ 4ರಂದು ನಡೆದುದು ಬೇರೆ ಬಗೆಯದು. ಉಚ್ಚ ನ್ಯಾಯಾಲಯದ ಜೂಮ್ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದರು. ಮರುದಿನ ನ್ಯಾಯಾಲಯವು ವಿಡಿಯೊ ಕಾನ್ಫರೆನ್ಸನ್ನೂ ನೇರಪ್ರಸಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇಂಥ ಸಂದರ್ಭದಲ್ಲಿ ಹತ್ತು ನಿಮಿಷವೇಕೆ, ಒಂದು ಗಂಟೆಯ ವಿಳಂಬವಿದ್ದರೂ ಒಳಗಿದ್ದವರಿಗೆ ಫಲವಿಲ್ಲ. ಕಾನ್ಫರೆನ್ಸು ಉಭಯಮುಖವಾದುದು, ವಕೀಲರ ಮಾತು ಹತ್ತು ನಿಮಿಷಗಳ ಮೇಲೆ ನ್ಯಾಯಾಧೀಶರಿಗೆ ಕೇಳುವಂತಾದರೆ ವಾದವೇ ನಡೆಯದು. ಅಲ್ಲಿ ಕಾವಲಿರಬೇಕಾದುದು ಬಾಗಿಲಲ್ಲಿ. ಬಂದವರನ್ನು ಹೊರಗೆ ನಿಲ್ಲಿಸಿ, ಹೆಸರನ್ನೂ ಮೊಕದ್ದಮೆಯ ಸಂಖ್ಯೆಯನ್ನೂ ನೋಡಿ ಒಳಬಿಡಬೇಕು; ಪರದೆಯನ್ನು ಹಂಚುವ ಅಧಿಕಾರವನ್ನು ಸಿಬ್ಬಂದಿಯ ಕೈಯಲ್ಲೇ ಇರಿಸಿಕೊಳ್ಳಬೇಕು. ಇದಕ್ಕೆ ತಕ್ಕ ಸೌಕರ್ಯಗಳು ತಂತ್ರಾಂಶದಲ್ಲಿಯೇ ಇವೆ. ಆದರೆ ಪ್ರತಿ ಪೀಠಕ್ಕೂ ಅವನ್ನು ನಿರ್ವಹಿಸುವ ಒಬ್ಬರು ಬೇಕು.

ಹೀಗೆ ಬಾಗಿಲನ್ನು ಬಿಗಿಗೊಳಿಸಿದರೆ ನ್ಯಾಯಾಲಯ ಸಾರ್ವಜನಿಕರಿಗೆ ಮುಚ್ಚಿದಂತಾಗದೆ ಎಂದು ಕೇಳಬಹುದು. ಆರ್‌ಪಿಸಿ ಲೇಔಟಿನ ವಿದ್ಯಾರ್ಥಿ ಆ ಬಾಗಿಲನ್ನು ದಾಟಬೇಕಾದುದೇ ಇಲ್ಲ. ಅವನಿಗೆ ಬೇಕಾದುದು ಪ್ರಸಾರ, ಅದು ಹತ್ತು ನಿಮಿಷ ತಡವಾಗಿ ಬಂದರೂ ಸರಿಯೆ.