ಜೀರ್ಣೋದ್ಧಾರವಾದ ಹಳೆಯ ಗಿಟಾರಿನ ಬೆಲೆ

ಮಸುಕಾದ ಹಿತ್ತಾಳೆಯ ದೀಪವನ್ನು ಬೆಳಗಿದರೆ, ಕಲಾಯಿ ಹೋದ ಪಾತ್ರೆಗೆ ಮತ್ತೆ ಕಲಾಯಿ ಹಾಕಿಸಿದರೆ, ಅದರ ಬೆಲೆ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಆದರೆ ಅಮೆರಿಕದ ಹಳೆಯ ವಿದ್ಯುತ್ ಗಿಟಾರುಗಳ ವ್ಯಾಪಾರದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ಬಣ್ಣ ಸುಲಿದು ಬಿರುಕುಬಿಟ್ಟ 1963ರ ಗಿಟಾರೊಂದಕ್ಕೆ ಅಂದವಾಗಿ ಹೊಸ ಬಣ್ಣ ಬಳಿಸಿ ಮಾರಲು ಹೊರಟವನಿಗೆ, ಬಳಿಸದೆ ಬಿಟ್ಟಿದ್ದರೆ ಬರಬಹುದಾಗಿದ್ದ ಹಣದಲ್ಲಿ ಸುಮಾರು ಅರ್ಧ ಮಾತ್ರ ದೊರೆಯುವುದು ಸಾಮಾನ್ಯ. ಇದು ಸಿರಿವಂತರ ಹುಚ್ಚೋ, ಅಥವಾ ಇದರಲ್ಲಿ ವಿಚಾರವೇನಾದರೂ ಅಡಗಿದೆಯೋ ಎಂಬುದನ್ನು ಪರಿಶೀಲಿಸೋಣ.

ಮೊದಲು ವಾದ್ಯದ ರಚನೆಯನ್ನು ಸ್ಥೂಲವಾಗಿ ತಿಳಿಯಬೇಕು. ವೀಣೆಯ ನಾದವನ್ನು ತುಂಬಿಕೊಡುವುದು ಅದರ ಟೊಳ್ಳಾದ ಕೊಡ. ಗಟ್ಟಿಮರದ ಒಡಲಿನ ವಿದ್ಯುತ್ ಗಿಟಾರಿಗೆ ಅಂತಹ ಕೊಡವಿಲ್ಲ. ಅದರ ಉಕ್ಕಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಸಣ್ಣ ಸಾಧನವಿರುತ್ತದೆ. ಅಯಸ್ಕಾಂತದ ಕಡ್ಡಿಗಳ ಸುತ್ತ, ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಅದನ್ನು ಮಾಡುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರವು ಅಲುಗುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು.

ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರನು ಈ ತತ್ತ್ವವನ್ನು ಬಳಸಿ 1954ರಲ್ಲಿ ‘ಸ್ಟ್ರಾಟೊಕಾಸ್ಟರ್’ ಎಂಬ ಗಿಟಾರನ್ನು ಹೊರತಂದನು. 1965ರ ಜನವರಿಯಲ್ಲಿ ಅವನ ಸಂಸ್ಥೆಯು ಸಿ.ಬಿ.ಎಸ್. ಕಂಪನಿಗೆ ಮಾರಾಟವಾಯಿತು. ಅದಕ್ಕೆ ಮೊದಲು ತಯಾರಾದ ವಾದ್ಯಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆಯುಂಟು. ಮನ್ನಣೆಯಿದ್ದೆಡೆ ಮೋಸವೂ ಹುಟ್ಟುತ್ತದೆ. ಆದುದರಿಂದ ತಿಳಿದ ಗ್ರಾಹಕನು ಗಿಟಾರನ್ನು ನುಡಿಸಿ ನೋಡುವುದಷ್ಟಕ್ಕೇ ತೃಪ್ತನಾಗದೆ, ಅದನ್ನು ಬಿಚ್ಚಿ ನೋಡಲು ಬಯಸುತ್ತಾನೆ.

ಮೊದಲನೆಯ ಸಾಕ್ಷಿಯು ಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯ ಕೆಳಗಿದೆ. ಅಲ್ಲಿರುವ ಪೊಟೆನ್ಷಿಯೊಮೀಟರಿನ ಲೋಹದ ಬೆನ್ನಿನ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. ಅವು 1376322 ಎಂದಿವೆಯೆಂದು ಭಾವಿಸೋಣ. 137 ಎಂಬುದು ಸಿ.ಟಿ.ಎಸ್. ಎಂಬ ತಯಾರಕರ ಗುರುತು. 63 ಎಂಬುದು ವರ್ಷ. 22 ಎಂಬುದು ಆ ವರ್ಷದ ವಾರ. ಈ ಭಾಗವು ಮೂಲದ್ದೇ ಆಗಿದ್ದರೆ, ಗಿಟಾರು 1963ರ ಮೇ ತಿಂಗಳ ಕೊನೆಗೆ ಮೊದಲು ಸಿದ್ಧವಾಗಿರಲಾರದು. ಎಷ್ಟು ಕಾಲದ ಅನಂತರ ಸಿದ್ಧವಾಯಿತೆಂಬುದನ್ನು ಮಾತ್ರ ಇದು ಹೇಳದು. ಭಾಗಗಳು ಉಗ್ರಾಣದಲ್ಲಿ ತಿಂಗಳುಗಟ್ಟಲೆ ಬಿದ್ದಿರಬಹುದು.

ಎರಡನೆಯ ಸಾಕ್ಷಿಯು ಪಿಕಪ್ಪಿನ ವಿದ್ಯುದ್ರೋಧ. ಆ ಕಾಲದ ಸ್ಟ್ರಾಟೊಕಾಸ್ಟರಿನಲ್ಲಿ ಅದು ಸುಮಾರು 6000 ಓಮ್ ಇರುತ್ತದೆ. ತಂತಿ ಕಡಿದ ಸುರುಳಿಯನ್ನು ಬಿಚ್ಚಿ ಹೊಸದಾಗಿ ಸುತ್ತಿದಾಗ ಸುತ್ತುಗಳ ಸಂಖ್ಯೆ ಬದಲಾದರೆ ರೋಧವೂ ಬದಲಾಗುತ್ತದೆ, ನಾದವೂ ಬದಲಾಗುತ್ತದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ತಾಮ್ರದ ರೋಧವು ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಶೇಕಡಾ 0.4ರಷ್ಟು ಏರುತ್ತದೆ. ಹತ್ತು ಡಿಗ್ರಿ ಹೆಚ್ಚು ಬಿಸಿಯಾದ ಕೋಣೆಯಲ್ಲಿ 6000 ಓಮಿನ ಸುರುಳಿಯು 6240 ಓಮ್ ತೋರಿಸುತ್ತದೆ! ಉಷ್ಣತೆಯನ್ನು ಗಮನಿಸದೆ ತೀರ್ಪು ಕೊಡುವುದು ಸಲ್ಲದು.

ಮೂರನೆಯದು ಮೆರುಗೆಣ್ಣೆಯ ಸಾಕ್ಷಿ. ಅಂದಿನ ಗಿಟಾರುಗಳಿಗೆ ಬಹುಮಟ್ಟಿಗೆ ನೈಟ್ರೊಸೆಲ್ಯುಲೋಸಿನ ಲೇಪವಿರುತ್ತಿತ್ತು. ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ, ಕುಗ್ಗುತ್ತದೆ. ಚಳಿಯಿಂದ ಬಿಸಿಗೆ, ಬಿಸಿಯಿಂದ ಚಳಿಗೆ ಒಯ್ದಾಗ ಮರವೂ ಲೇಪವೂ ಸಮನಾಗಿ ಹಿಗ್ಗಿ ಕುಗ್ಗದಿರುವುದರಿಂದ ನವಿರಾದ ಬಿರುಕುಗಳು ಮೂಡುತ್ತವೆ. ಕತ್ತಲೆಯ ಕೋಣೆಯಲ್ಲಿ ನೇರಿಳಾತೀತ ಕಿರಣಗಳನ್ನು ಬಿಟ್ಟರೆ ಹಳೆಯ ಲೇಪವು ಸಾಮಾನ್ಯವಾಗಿ ಹಸಿರು ಬೆರೆತ ಹಳದಿ ಬಣ್ಣದಿಂದ ಹೊಳೆಯುತ್ತದೆ. ಈಚೆಗೆ ತೇಪೆ ಹಾಕಿದ ಭಾಗಗಳು ಕಪ್ಪಾಗಿ ಎದ್ದುಕಾಣುತ್ತವೆ. ಕಣ್ಣಿಗೆ ಕಾಣದ ರಿಪೇರಿಯನ್ನು ಬೆಳಕು ಹೀಗೆ ಬಯಲಿಗೆಳೆಯುತ್ತದೆ.

ಈಗ ಬೆಲೆಯ ಒಗಟು ಬಿಡಿಸಿಕೊಳ್ಳುತ್ತದೆ. ಹಳೆಯ ಗಿಟಾರು ವಾದ್ಯವೂ ಹೌದು, ದಾಖಲೆಯೂ ಹೌದು. ಮೂಲ ಲೇಪವನ್ನು ಉಜ್ಜಿ ತೆಗೆದವನು ದಾಖಲೆಯ ಒಂದು ಪುಟವನ್ನೇ ಹರಿದಂತೆ; ಅದನ್ನು ಮತ್ತೆ ಸೇರಿಸಲಾಗದು. ಆದರೆ ಎಲ್ಲ ರಿಪೇರಿಗಳೂ ಒಂದೇ ತೂಕದವಲ್ಲ. ಫ್ರೆಟ್ ಎಂದು ಕರೆಯುವ ಲೋಹದ ಮೆಟ್ಟಿಲುಗಳು ನುಡಿಸಿದಷ್ಟೂ ಸವೆಯುತ್ತವೆ. ಅವುಗಳನ್ನು ಬದಲಾಯಿಸಿದ್ದಕ್ಕೆ ಗ್ರಾಹಕನು ಅಷ್ಟಾಗಿ ಬೇಸರಿಸುವುದಿಲ್ಲ. ಇನ್ನು ಕೆಲವು ಕಡೆ ಬದಲಾವಣೆಗಳೇ ಚರಿತ್ರೆಯಾಗುವುದುಂಟು. ಡೇವಿಡ್ ಗಿಲ್ಮೋರನ ಕಪ್ಪು ಸ್ಟ್ರಾಟೊಕಾಸ್ಟರಿನ ಕೊರಳೂ ಪಿಕಪ್ಪುಗಳೂ ಬದಲಾಗಿದ್ದವು. ಆದರೂ 2019ರ ಜೂನಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 39,75,000 ಡಾಲರು ಬಂದಿತು. ಯಾರ ಕೈಯಲ್ಲಿತ್ತು, ಏನು ಬದಲಾಯಿತು ಎಂಬುದೆಲ್ಲ ಅಲ್ಲಿ ಬಹಿರಂಗವಾಗಿತ್ತು.

ಮಾರಾಟವು ದೇಶದ ಎಲ್ಲೆ ದಾಟುವುದಾದರೆ ಮರದ ಗುರುತೂ ಮುಖ್ಯವಾಗುತ್ತದೆ. ಅನೇಕ ಹಳೆಯ ಗಿಟಾರುಗಳ ಬೆರಳುಹಲಗೆ ಬ್ರೆಜಿಲ್ ದೇಶದ ಬೀಟೆಮರದ್ದು. 1992ರಿಂದ ಆ ಮರವು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಯಲ್ಲಿದೆ. ಪರವಾನಗಿಯಿಲ್ಲದೆ ಅದನ್ನು ಮಾರಾಟಕ್ಕಾಗಿ ಹೊರದೇಶಕ್ಕೆ ಕಳುಹಿಸುವಂತಿಲ್ಲ. ನಮ್ಮ ಮಲೆನಾಡಿನ ಬೀಟೆಯು ಅದರ ದಾಯಾದಿ. ಬ್ರೆಜಿಲಿನ ಮರ ದುರ್ಲಭವಾದಾಗ ಗಿಟಾರು ತಯಾರಕರು ಭಾರತದ ಬೀಟೆಯ ಕಡೆಗೆ ತಿರುಗಿದರು. ಭಾರತದ ಬೀಟೆಯಿಂದ ಮಾಡಿದ ಸಿದ್ಧವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು, ಬ್ರೆಜಿಲಿನದಕ್ಕೆ ದೊರೆಯಲಿಲ್ಲ.

ಹಾಗಾದರೆ ಜೀರ್ಣೋದ್ಧಾರ ಮಾಡಿಸಿದವನು ಮಾಡಬೇಕಾದುದೇನು? ತೆಗೆದ ಪ್ರತಿಯೊಂದು ಹಳೆಯ ಭಾಗವನ್ನೂ, ಮುರಿದ ತಂತಿಯ ಸುರುಳಿಯನ್ನು ಸಹ, ಜೋಪಾನವಾಗಿಟ್ಟು ಗಿಟಾರಿನ ಜೊತೆಯಲ್ಲಿ ಕೊಡಬೇಕು. ಕೆಲಸಕ್ಕೆ ಮೊದಲು ಮತ್ತು ಅನಂತರ ತೆಗೆದ ಛಾಯಾಚಿತ್ರಗಳನ್ನು ತೋರಿಸಬೇಕು. ಯಾವುದು ಮೂಲ, ಯಾವುದು ಹೊಸದು ಎಂಬುದನ್ನು ಬರೆದುಕೊಡಬೇಕು. ಇದರಿಂದ ಬೆಲೆ ಕೊಂಚ ಇಳಿಯಬಹುದು. ಆದರೆ ರಿಪೇರಿಯನ್ನು ಮರೆಮಾಚಿ ಮೂಲವೆಂದು ಮಾರಿದರೆ ಅದು ವಂಚನೆ. ಇಂದಲ್ಲದಿದ್ದರೆ ನಾಳೆ ಒಂದು ದೀಪ, ಒಂದು ಮೀಟರು, ಏಳು ಅಂಕಿಗಳು ಅದನ್ನು ಹೊರಗೆಡಹುತ್ತವೆ. ಜೀರ್ಣೋದ್ಧಾರದಲ್ಲಿ ತಪ್ಪಿಲ್ಲ, ಮೂಕವಾಗಿದ್ದ ವಾದ್ಯ ಮತ್ತೆ ನುಡಿಯುವುದು ಸಂತೋಷದ ವಿಷಯವೇ. ಅದನ್ನು ಮುಚ್ಚಿಡುವುದರಲ್ಲಿ ಮಾತ್ರ ತಪ್ಪಿದೆ.